‘ಹ್ಯಾಂಗ ಬಂತು?’: ಪ್ರಾಥಮಿಕ ಶಾಲೆಯಲ್ಲಿ ಅಂಜದೆ ಗಣಿತ ಕಲಿಸಲು

ಮೂರನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ 52ರಲ್ಲಿ 27 ಕಳೆದು 35 ಎಂದು ಬರೆದಳು. ಮೊದಲೆಲ್ಲ ನಾನು ‘ತಪ್ಪು, ಕೂತ್ಕೊ’ ಎಂದು ಇನ್ನೊಬ್ಬರನ್ನು ಕರೆಯುತ್ತಿದ್ದೆ. ಅವತ್ತು ಯಾಕೋ ‘ಹ್ಯಾಂಗ ಬಂತವ್ವಾ?’ ಎಂದು ಕೇಳಿದೆ.

‘ಎರಡರಾಗ ಏಳು ಹೋಗಲ್ರಿ ಟೀಚರ್. ಅದಕ್ಕ ಏಳರಾಗ ಎರಡು ಕಳದೀನ್ರಿ’ ಅಂದಳು.

ಎರಡರಲ್ಲಿ ಏಳು ಹೋಗಲ್ಲ ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ. ಆ ಮಾತನ್ನು ನಂಬಿ ಅವಳು ತನಗೆ ತೋಚಿದ ದಾರಿ ಹುಡುಕಿದ್ದಳು. ಅದು ದಡ್ಡತನ ಅಲ್ಲ, ಯೋಚನೆ. ಅವತ್ತಿನಿಂದ ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಉತ್ತರ ತಪ್ಪಾದಾಗ ಮಾತ್ರ ಅಲ್ಲ, ಸರಿಯಾದಾಗಲೂ ಕೇಳುತ್ತೇನೆ. ತಪ್ಪಿಗೆ ಮಾತ್ರ ಕೇಳಿದರೆ ‘ಟೀಚರ್ ಕೇಳಿದ್ರು ಅಂದ್ರ ತಪ್ಪಾಗ್ಯಾದ’ ಎಂದು ಮಕ್ಕಳು ಎರಡೇ ದಿನಕ್ಕೆ ಪತ್ತೆ ಹಚ್ಚುತ್ತಾರೆ, ಕೂಡಲೇ ಉತ್ತರ ಅಳಿಸಿಬಿಡುತ್ತಾರೆ.

ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಹಳ್ಳಿಯೊಂದರಲ್ಲಿ ಪಾಠ ಮಾಡುತ್ತೇನೆ. ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಡಿ.ಎಡ್. ಮಾಡಿ ಬಂದವಳು. ಶುರುವಿನಲ್ಲಿ ಗಣಿತದ ಪಿರಿಯಡ್ ಬಂತೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮಲ್ಲಿ ಬಹಳ ಮಂದಿಗೆ ಹೀಗೆ ಆಗುತ್ತದೆ, ಅಲ್ವಾ? ಈ ಅಂಜಿಕೆ ನಮ್ಮಲ್ಲೇ ಉಳಿಯುವುದಿಲ್ಲ, ಮಕ್ಕಳಿಗೂ ಹತ್ತುತ್ತದೆ. ಶಿಕಾಗೊದ ಸಿಯಾನ್ ಬೈಲಾಕ್ ಮತ್ತು ಜೊತೆಯವರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು, ಎರಡನೇ ತರಗತಿಯ ಶಿಕ್ಷಕಿಗೆ ಗಣಿತದ ಭಯ ಜಾಸ್ತಿ ಇದ್ದ ಕಡೆ, ವರ್ಷದ ಕೊನೆಗೆ ‘ಗಣಿತ ಹುಡುಗರದ್ದು, ಓದು ಹುಡುಗಿಯರದ್ದು’ ಎಂದು ನಂಬುವ ಹುಡುಗಿಯರೂ ಜಾಸ್ತಿ ಇದ್ದರು. ಅಂಥ ಹುಡುಗಿಯರ ಗಣಿತವೂ ಹಿಂದೆ ಬಿದ್ದಿತ್ತು. ಇದನ್ನು ಓದಿದಾಗ ನನ್ನ ತರಗತಿಯ ಹುಡುಗಿಯರ ಮುಖಗಳೇ ಕಣ್ಣ ಮುಂದೆ ಬಂದವು. ಅದಕ್ಕೇ ಈ ಲೇಖನ. ನನಗೆ ಉಪಯೋಗಕ್ಕೆ ಬಂದದ್ದನ್ನು ಬಂದ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಹಿಂದಿನ ರಾತ್ರಿಯ ಇಪ್ಪತ್ತು ನಿಮಿಷ

ನಾಳೆ ಮಾಡುವ ಪುಟದ ಲೆಕ್ಕಗಳನ್ನು ಇವತ್ತೇ ನೀವು ಬಿಡಿಸಿ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಹೇಳುತ್ತಾ ಬಿಡಿಸಿ. ಎಲ್ಲಿ ಮಾತು ತಡವರಿಸುತ್ತದೋ ಅಲ್ಲೇ ನಿಮಗೆ ಅರ್ಥ ಆಗಿಲ್ಲ. ಆಮೇಲೆ ಪ್ರತಿ ಲೆಕ್ಕದ ಪಕ್ಕ, ಮಕ್ಕಳು ಯಾವ ತಪ್ಪು ಉತ್ತರ ಕೊಡಬಹುದು ಎಂದು ಬರೆದುಕೊಳ್ಳಿ. 52 – 27 ಕ್ಕೆ 35 ಬರುತ್ತದೆ. 612 ÷ 6 ಕ್ಕೆ 12 ಬರುತ್ತದೆ, ನಡುವಿನ ಸೊನ್ನೆ ಹಾರಿಹೋಗಿರುತ್ತದೆ. 8 + 4 = □ + 5 ಕೊಟ್ಟರೆ ಖಾಲಿ ಮನೆಯಲ್ಲಿ 12 ಬರೆಯುತ್ತಾರೆ. ಅವರಿಗೆ ಸಮ ಚಿಹ್ನೆ ಅಂದರೆ ‘ಉತ್ತರ ಬರಿ’ ಎಂದರ್ಥ, ತಕ್ಕಡಿ ಸಮ ನಿಂತಿದೆ ಎಂದಲ್ಲ.

ಈ ತಪ್ಪುಗಳು ನಿಮಗೆ ಮೊದಲೇ ಗೊತ್ತಿದ್ದರೆ ತರಗತಿಯಲ್ಲಿ ಗಾಬರಿ ಆಗುವುದಿಲ್ಲ. ನನ್ನ ಅನುಭವದಲ್ಲಿ ಧೈರ್ಯ ಬಂದದ್ದು ಇಲ್ಲಿಂದಲೇ. ದೊಡ್ಡ ದೊಡ್ಡ ಗಣಿತ ಕಲಿತು ಬಂದದ್ದಲ್ಲ.

ಎರಡನೇ ಹೆಜ್ಜೆ: ಸಂಖ್ಯೆಯ ಹೆಸರನ್ನು ಬಿಡಿಸಿ ತೋರಿಸಿ

ಕನ್ನಡದ ಸಂಖ್ಯೆಗಳೇ ಸ್ಥಾನಬೆಲೆ ಕಲಿಸುತ್ತವೆ, ನಾವು ಸುಮ್ನೆ ದಾಟಿ ಹೋಗುತ್ತೇವೆ. ‘ಪತ್ತು’ ಎಂದರೆ ಹಳೆಗನ್ನಡದಲ್ಲಿ ಹತ್ತು. ಇಪ್ಪತ್ತು ಎಂದರೆ ಎರಡು ಹತ್ತು. ಮೂವತ್ತು ಮೂರು ಹತ್ತು, ನಲವತ್ತು ನಾಲ್ಕು ಹತ್ತು, ಐವತ್ತು ಐದು ಹತ್ತು. ಅರವತ್ತು, ಎಪ್ಪತ್ತು, ಎಂಬತ್ತರಲ್ಲೂ ಆರು, ಏಳು, ಎಂಟು ಅಡಗಿ ಕೂತಿವೆ. ತೊಂಬತ್ತು ಮಾತ್ರ ಬೇರೆ ದಾರಿ ಹಿಡಿದಿದೆ, ಅದನ್ನು ಹಾಗೇ ಒಪ್ಪಿಕೊಳ್ಳಬೇಕು. ‘ಮೂವತ್ತಾರು’ ಎಂದು ಜೋರಾಗಿ ಹೇಳಿಸಿ, ‘ಎಷ್ಟು ಹತ್ತು? ಎಷ್ಟು ಬಿಡಿ?’ ಎಂದು ಕೇಳಿ. ಹೆಸರಿನಲ್ಲೇ ಉತ್ತರ ಇದೆ ಎಂದು ಗೊತ್ತಾದಾಗ ಮಕ್ಕಳಿಗೆ ಭಾರಿ ಖುಷಿ.

ನಮ್ಮ ಭಾಗದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ, ತೆಲುಗು ಮಾತಾಡುವ ಮಕ್ಕಳು ನಮ್ಮ ತರಗತಿಯಲ್ಲಿ ಇರುತ್ತಾರೆ. ಬೀದರ್ ಕಡೆ ಮರಾಠಿ, ಉರ್ದು ಜಾಸ್ತಿ, ಗುರುಮಠಕಲ್ ಕಡೆ ತೆಲುಗು. ಉರ್ದುವಿನ 29 ‘ಉನ್ತೀಸ್’. ಅದರೊಳಗೆ ಕೇಳಿಸುವುದು ಇಪ್ಪತ್ತು ಅಲ್ಲ, ಮೂವತ್ತು. ಮನೆಯಲ್ಲಿ ಹಾಗೆ ಎಣಿಸುವ ಮಗು 29 ಬರೆಯಲು ಒಂದು ಕ್ಷಣ ನಿಂತರೆ ಬೈಯಬೇಡಿ. ಅದು ಎರಡು ಭಾಷೆಗಳ ನಡುವೆ ಓಡಾಡುತ್ತಿದೆ. ಮೊದಲು ತನ್ನ ಭಾಷೆಯಲ್ಲೇ ಎಣಿಸಲು ಬಿಡಿ, ಆಮೇಲೆ ಕನ್ನಡದಲ್ಲಿ. ಬೇರೆ ಮಕ್ಕಳಿಗೂ ಹೇಳಿಕೊಡಲು ಹೇಳಿ. ಬಾಯಿ ಬಿಡದೆ ಹಿಂದಿನ ಸಾಲಿನಲ್ಲಿ ಕೂತ ಮಗು ಆವತ್ತು ಟೀಚರ್ ಆಗುತ್ತದೆ.

ನೂರು ದಾಟಿದ ಮೇಲೆ ಹೊಸ ತೊಡಕು. ‘ನೂರಾ ಐದು’ ಬರಿ ಎಂದರೆ 1005 ಎಂದು ಬರೆಯುತ್ತಾರೆ. ಕಿವಿಗೆ ಕೇಳಿದ್ದನ್ನೇ ಬರೆದಿದ್ದಾರೆ: ಮೊದಲು 100, ಅದರ ಮುಂದೆ 5. ಇದಕ್ಕೆ ಹಳೇ ಲಗ್ನಪತ್ರಿಕೆಗಳು ಸಾಕು. ನೂರರ ಚೀಟಿಯನ್ನು ಮೂರು ಬೆರಳಗಲ ಕತ್ತರಿಸಿ 100 ಬರೆಯಿರಿ. ಹತ್ತರ ಚೀಟಿ ಎರಡು ಬೆರಳಗಲ, ಬಿಡಿಯ ಚೀಟಿ ಒಂದು ಬೆರಳಗಲ. ಒಂದು ಬೆರಳಿಗೆ ಒಂದು ಅಂಕಿ. ಈಗ 100ರ ಮೇಲೆ, ಬಲಗಡೆ ತುದಿಗೆ ಸರಿಯಾಗಿ 5ರ ಚೀಟಿ ಇಡಿಸಿ. ಕೊನೆಯ ಸೊನ್ನೆ ಮುಚ್ಚಿಕೊಂಡು 105 ಕಾಣುತ್ತದೆ. ಚೀಟಿ ಎತ್ತಿದರೆ ಸೊನ್ನೆ ಅಲ್ಲೇ ಇರುತ್ತದೆ. ಐದಾರು ಸಲ ಇಟ್ಟು ಎತ್ತಿ ಆಡಿದ ಮಗು 1005 ಬರೆಯುವುದನ್ನು ಬಿಡುತ್ತದೆ. ನೀವು ಮಾಡಿ ತೋರಿಸಿದರೆ ಸಾಲದು, ಚೀಟಿ ಅವರ ಕೈಯಲ್ಲೇ ಇರಬೇಕು.

ಮೂರನೇ ಹೆಜ್ಜೆ: ಕಟ್ಟು ಬಿಚ್ಚಿಸಿ

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಎಂಬ ಗುರುತು, ಸಿಕ್ಕಿತು. ನಮಗೆ ಬೇಕಾದದ್ದು ಬೇಳೆ ಅಲ್ಲ, ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆ. ಪೆನ್ಸಿಲ್ ದಪ್ಪದ್ದನ್ನು ಆರಿಸಿ, ಗೇಣುದ್ದ ಮುರಿದು, ತುದಿ ಚುಚ್ಚದ ಹಾಗೆ ಕಲ್ಲಿಗೆ ಉಜ್ಜಿಡಿ. ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಸಿ. ಕಟ್ಟುವ ಕೆಲಸ ಮಕ್ಕಳೇ ಮಾಡಬೇಕು. ತಾವೇ ಎಣಿಸಿ ಕಟ್ಟಿದರೆ ಮಾತ್ರ ಒಳಗೆ ಹತ್ತು ಇದೆ ಎಂದು ನಂಬುತ್ತಾರೆ. ನಿಮ್ಮ ಶಾಲೆಯ ಗಣಿತ ಕಿಟ್‌ನಲ್ಲಿ ಬ್ಲಾಕ್‌ಗಳಿದ್ದರೆ ಅವನ್ನೂ ಹೊರಗೆ ತೆಗೆಯಿರಿ, ಬೀರುವಿನಲ್ಲಿ ಕೂತರೆ ಯಾರಿಗೆ ಬಂತು? ಆದರೆ ಬ್ಲಾಕಿನ ಹತ್ತನ್ನು ಬಿಚ್ಚಲು ಬರುವುದಿಲ್ಲ, ಬದಲಿಸಿ ಕೊಡಬೇಕು. ಅದಕ್ಕೇ ಕಳೆಯುವ ಲೆಕ್ಕಕ್ಕೆ ನನಗೆ ಕಟ್ಟಿಗೆಯೇ ಇಷ್ಟ.

ಅದೇ ಹುಡುಗಿಯನ್ನು ಕರೆದೆ. ಅವಳ ಮುಂದೆ ಐದು ಕಟ್ಟು, ಎರಡು ಬಿಡಿ. ‘ನನಗ 27 ಕೊಡು’ ಎಂದು ಕೈ ಚಾಚಿದೆ. ಎರಡು ಕಟ್ಟು ಕೊಟ್ಟಳು. ಎರಡು ಬಿಡಿ ಕೊಟ್ಟಳು. ‘ಇನ್ನಾ ಐದು ಬೇಕು’ ಎಂದೆ. ಸ್ವಲ್ಪ ಹೊತ್ತು ಕಟ್ಟುಗಳನ್ನೇ ನೋಡುತ್ತಾ ಕೂತಳು. ಆಮೇಲೆ ‘ಕಟ್ಟು ಬಿಚ್ಚಲೇನ್ರಿ?’ ಎಂದು ಕೇಳಿದಳು. ರಬ್ಬರ್ ಬ್ಯಾಂಡ್ ತೆಗೆದು ಐದು ಕಡ್ಡಿ ಎಣಿಸಿ ಕೊಟ್ಟಳು. ಅವಳ ಮುಂದೆ ಎರಡು ಕಟ್ಟು, ಐದು ಬಿಡಿ ಉಳಿದವು. ಯಾರೂ ಹೇಳದೆಯೇ ಬೋರ್ಡಿಗೆ ಹೋಗಿ 35 ಅಳಿಸಿ 25 ಬರೆದಳು.

ಅದಾದ ಮೇಲೆ ನಾನು ‘ಸಾಲ ತಗೋ’ ಎಂಬ ಮಾತು ಬಿಟ್ಟಿದ್ದೇನೆ. ಸಾಲ ಎಂದರೆ ತೀರಿಸಬೇಕು, ಇಲ್ಲಿ ಯಾರೂ ತೀರಿಸುವುದಿಲ್ಲ. ಪಕ್ಕದ ಮನೆಯವರ ಹತ್ತಿರ ತಂದದ್ದೂ ಅಲ್ಲ, ನಮ್ಮದೇ ಕಟ್ಟನ್ನು ಬಿಚ್ಚಿದ್ದೇವೆ. 52 ಎಂಬುದು ನಾಲ್ಕು ಕಟ್ಟು, ಹನ್ನೆರಡು ಬಿಡಿ ಆಯಿತು, ಅಷ್ಟೇ. ಕೂಡಿಸುವಾಗಲೂ ‘ಕೈಯಲ್ಲಿ ಒಂದು’ ಎನ್ನುವುದಕ್ಕಿಂತ ‘ಹೊಸ ಕಟ್ಟು ಆಯ್ತು’ ಅನ್ನಿ. ಮಾತು ಸಣ್ಣದು, ಆದರೆ ಮಗುವಿನ ತಲೆಯಲ್ಲಿ ಮೂಡುವ ಚಿತ್ರ ಬೇರೆ.

ಕಡ್ಡಿಯಿಂದ ಒಮ್ಮೆಲೇ ಅಂಕಿಗೆ ಜಿಗಿಯಬೇಡಿ. ನಡುವೆ ಚಿತ್ರ ಬೇಕು. ಒಂದು ಕಟ್ಟು ಅಂದರೆ ಒಂದು ಉದ್ದ ಗೆರೆ, ಒಂದು ಬಿಡಿ ಅಂದರೆ ಒಂದು ಚುಕ್ಕೆ ಹಾಕಿಸಿ, ಬಿಚ್ಚಿದ ಗೆರೆ ಹೊಡೆದು ಹತ್ತು ಚುಕ್ಕೆ ಇಡಿಸಿ. ಮೊದಲು ಕೈ, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬ ಈ ದಾರಿಯನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲೇ ವಿವರಿಸಿದ್ದರು. ಕೆಲವು ಮಕ್ಕಳಿಗೆ ಎರಡು ದಿನ ಸಾಕು, ಕೆಲವರಿಗೆ ಎರಡು ವಾರ ಬೇಕು. ಕಡ್ಡಿ ಬೇಕು ಎನ್ನುವ ಮಗುವಿನ ಕೈಯಿಂದ ಕಡ್ಡಿ ಕಸಿಯಬೇಡಿ. ಬೇಡ ಅನಿಸಿದ ದಿನ ಅದೇ ಬಿಡುತ್ತದೆ.

ಒಬ್ಬ ಹುಡುಗ ಕಟ್ಟೂ ಬಿಚ್ಚದೆ 25 ಹೇಳಿದ. ‘ಹ್ಯಾಂಗ ಬಂತಪಾ?’ ಎಂದರೆ, ‘27ಕ್ಕ ಮೂರು ಹಾಕಿದ್ರ 30, ಇಪ್ಪತ್ತು ಹಾಕಿದ್ರ 50, ಮತ್ತ ಎರಡು ಹಾಕಿದ್ರ 52. ಮೂರು, ಇಪ್ಪತ್ತು, ಎರಡು ಕೂಡಿ 25 ಆಯ್ತ್ರಿ’ ಎಂದ. ಅವರ ಮನೆಯಲ್ಲಿ ಕಿರಾಣಿ ಅಂಗಡಿ ಇದೆ, ಚಿಲ್ಲರೆ ವಾಪಸ್ ಕೊಡುವ ಲೆಕ್ಕ ಅದು. ಪುಸ್ತಕದಲ್ಲಿ ಇರುವ ಹಾಗೆ ಮಾಡು ಎಂದು ಅವನನ್ನು ತಿದ್ದಬೇಡಿ. ಎಲ್ಲರ ಮುಂದೆ ಅವನಿಂದಲೇ ಹೇಳಿಸಿ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇರಿ ಬಡ್ ರೋ ಎಂಬ ಸಂಶೋಧಕಿ ಅಮೆರಿಕದ ತರಗತಿಗಳಲ್ಲಿ ಗಮನಿಸಿದಾಗ, ಶಿಕ್ಷಕರು ಉತ್ತರಕ್ಕೆ ಸುಮಾರು ಒಂದೇ ಸೆಕೆಂಡು ಕಾಯುತ್ತಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವವರೂ ಮಾತಾಡಿದರು. ಮನಸ್ಸಿನಲ್ಲಿ ‘ಒಂದು, ಎರಡು, ಮೂರು’ ಎಂದು ಎಣಿಸಿ. ಮೊದಲ ವಾರ ಈ ಮೌನ ಕಷ್ಟ ಆಗುತ್ತದೆ, ತಡೆದುಕೊಳ್ಳಿ.

ನಾಲ್ಕನೇ ಹೆಜ್ಜೆ: ಮಗ್ಗಿಯ ಭಾರ ಇಳಿಸಿ

ಮಗ್ಗಿ ಬಾಯಿಪಾಠ ಬೇಡ ಎನ್ನುವವಳಲ್ಲ ನಾನು. ಬೇಕು. ಆದರೆ ಮೊದಲು ಕಣ್ಣಿಗೆ ಕಾಣಲಿ. ನಮ್ಮ ಕಡೆ ಶಾಲೆಯ ನೆಲಕ್ಕೆ ಬಹಳ ಕಡೆ ಶಹಾಬಾದ್ ಫರಸಿ ಇರುತ್ತದೆ. ಚೌಕ ಚೌಕ ಕಲ್ಲು ಇದ್ದರೆ ಚಾಕ್‌ಪೀಸಿನಿಂದ ಸುತ್ತ ಗೆರೆ ಹಾಕಿ, ಇಲ್ಲದಿದ್ದರೆ ಚೌಕಗಳನ್ನೇ ಬರೆಯಿರಿ. ಏಳು ಸಾಲು, ಸಾಲಿಗೆ ಎಂಟು ಕಲ್ಲು. ಒಬ್ಬ ಈ ಕಡೆಯಿಂದ ನೋಡಿ ‘ಏಳು ಎಂಟ್ಲೆ’ ಅನ್ನಲಿ, ಇನ್ನೊಬ್ಬಳು ಆ ಕಡೆ ನಿಂತು ‘ಎಂಟು ಏಳ್ಲೆ’ ಅನ್ನಲಿ. ಕಲ್ಲು ಅವೇ. ಈಗ ಪ್ರತಿ ಸಾಲಿನ ಐದನೇ ಕಲ್ಲಿನ ನಂತರ ಬರುವ ಹಾಗೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಒಂದು ಕಡೆ 7 × 5 = 35, ಇನ್ನೊಂದು ಕಡೆ 7 × 3 = 21. ಕೂಡಿದರೆ 56. ಏಳೆಂಟ್ಲೆ ಮರೆತ ಮಗು ಇನ್ನು ಮೇಲೆ ಅಳುತ್ತಾ ಕೂರಬೇಕಿಲ್ಲ, ತಾನೇ ಕಟ್ಟಿಕೊಳ್ಳುತ್ತದೆ.

ಒಂದರಿಂದ ಹತ್ತರ ಮಗ್ಗಿಯಲ್ಲಿ 100 ಸಾಲು ಎಂದು ಮಕ್ಕಳು ಹೆದರುತ್ತಾರೆ. 1, 2, 5, 10ರ ಮಗ್ಗಿ ಬರುತ್ತದೆ ಎಂದುಕೊಳ್ಳಿ. ತಿರುಗಿಸಿದರೂ ಅದೇ ಎಂಬುದು ಗೊತ್ತಾಗಿದೆ. ಉಳಿಯುವುದು 21 ಮಾತ್ರ. ಒಂಬತ್ತರ ಮಗ್ಗಿಗೆ ಹತ್ತರದ್ದು ಹೇಳಿ ಒಂದು ಸಲ ಕಳೆದರೆ ಆಯಿತು: 9 × 7 ಎಂದರೆ 70 – 7 = 63. ಈಗ 15 ಉಳಿದವು. ಈ 15ನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಇಷ್ಟೇನಾ ಟೀಚರ್?’ ಎಂದು ಕೇಳಿಯೇ ಕೇಳುತ್ತಾರೆ.

ಐದನೇ ಹೆಜ್ಜೆ: ಭಿನ್ನರಾಶಿಗೆ ದೀಡ, ಪಾವಕಿಲೋ

ಪುಸ್ತಕದಲ್ಲಿ ಭಿನ್ನರಾಶಿ ಬರುವ ಎಷ್ಟೋ ಮೊದಲೇ ನಮ್ಮ ಮಕ್ಕಳು ಅದನ್ನು ಮಾತಾಡುತ್ತಿರುತ್ತಾರೆ. ಅಂಗಡಿಗೆ ಹೋಗಿ ಪಾವಕಿಲೋ ಸಕ್ಕರೆ ತರುತ್ತಾರೆ. ಅವ್ವ ದೀಡ ಕಿಲೋ ಅಕ್ಕಿ ಹೇಳಿರುತ್ತಾಳೆ, ಅಪ್ಪ ಅಡೀಚ ಎಕರೆ ಹೊಲದ ಮಾತಾಡಿರುತ್ತಾನೆ. ಪಾವ ಎಂದರೆ ¼, ಸವ್ವಾ 1¼, ದೀಡ 1½, ಅಡೀಚ 2½. ದೀಡ ನೂರು ಎಂದರೆ 150 ಎಂಬುದು ಎರಡನೇ ತರಗತಿಯ ಮಗುವಿಗೂ ಗೊತ್ತು. ಇಂಥ ಮಾತನ್ನು ‘ಶುದ್ಧ ಕನ್ನಡ ಅಲ್ಲ’ ಎಂದು ತರಗತಿಯ ಹೊರಗಿಟ್ಟರೆ ನಷ್ಟ ನಮಗೇ.

ನಾನು ಉಸುಕು ತುಂಬಿದ ಪಾವಕಿಲೋ ಪಾಕೀಟುಗಳನ್ನು ಮಾಡಿಟ್ಟಿದ್ದೇನೆ. ‘ಒಂದು ಕಿಲೋಕ್ಕ ಎಷ್ಟು ಪಾಕೀಟು? ದೀಡ ಕಿಲೋಕ್ಕ?’ ಎಂದರೆ ತಕ್ಕಡಿ ಮುಟ್ಟದೆಯೇ ‘ಆರು’ ಎನ್ನುತ್ತಾರೆ. ಆ ಆರು ಎಂದರೆ 1½ ÷ ¼. ದೊಡ್ಡವರೂ ಸೂತ್ರ ಹುಡುಕುವ ಲೆಕ್ಕ ಅದು.

ಇನ್ನು ರೊಟ್ಟಿ. ಕಡಕ್ ರೊಟ್ಟಿ ತಂದರೆ ಮುರಿದಾಗ ತುಂಡು ಸಮ ಬರುವುದಿಲ್ಲ. ಮೊದಲು ಅದನ್ನೇ ಬೇಕೆಂದು ತನ್ನಿ. ‘ಇದು ಅರ್ಧ’ ಎಂದು ಸಣ್ಣ ತುಂಡು ಕೊಟ್ಟು ನೋಡಿ, ಹೇಗೆ ಜಗಳಕ್ಕೆ ಬರುತ್ತಾರೆ! ಭಾಗಗಳು ಸಮ ಇರಬೇಕು ಎಂಬ ಮುಖ್ಯ ಮಾತು ಅವರ ಬಾಯಿಂದಲೇ ಬರುತ್ತದೆ. ಆಮೇಲೆ ಮೆತ್ತಗಿನ ಬಿಸಿ ಜೋಳದ ರೊಟ್ಟಿ, ಅಥವಾ ದುಂಡಗೆ ಕತ್ತರಿಸಿದ ಕಾಗದ. ⅓ ದೊಡ್ಡದೋ ¼ ದೊಡ್ಡದೋ ಎಂದರೆ ಬಹಳ ಮಂದಿ ¼ ಎನ್ನುತ್ತಾರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ? ‘ಒಂದು ರೊಟ್ಟಿ ಮೂರು ಮಂದಿ ಹಂಚಿಕೊಂಡ್ರ ನಿನಗ ಜಾಸ್ತಿನೋ, ನಾಲ್ಕು ಮಂದಿ ಹಂಚಿಕೊಂಡ್ರೋ?’ ಎಂದು ಕೇಳಿ, ಮೂರು ಸೆಕೆಂಡು ಕಾಯಿರಿ.

ಆರನೇ ಹೆಜ್ಜೆ: ಅಂಕಿ ಇಲ್ಲದ ಲೆಕ್ಕ

‘ಶರಣಮ್ಮನ ಹತ್ತಿರ 15 ಕುರಿ ಇವೆ. ಇದು ನಿಂಗಪ್ಪನ ಕುರಿಗಳಿಗಿಂತ 6 ಹೆಚ್ಚು. ನಿಂಗಪ್ಪನ ಹತ್ತಿರ ಎಷ್ಟು?’ ಅರ್ಧ ತರಗತಿ 21 ಎನ್ನುತ್ತದೆ. ತಪ್ಪು ನಮ್ಮದು. ‘ಹೆಚ್ಚು’ ಎಂದು ಬಂದರೆ ಕೂಡಿಸಿ, ‘ಕಡಿಮೆ’ ಎಂದರೆ ಕಳೆಯಿರಿ ಎಂದು ನಾವೇ ಕಲಿಸಿರುತ್ತೇವೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಅಂಕಿಗಳನ್ನು ಕೈಯಿಂದ ಮುಚ್ಚಿ ಲೆಕ್ಕ ಓದಿಸಿ. ‘ಯಾರ ಕುರಿ ಜಾಸ್ತಿ?’ ಎಂದು ಮಾತ್ರ ಕೇಳಿ. ಶರಣಮ್ಮನದು ಜಾಸ್ತಿ ಎಂದು ಗೊತ್ತಾದ ಮೇಲೆ ಅಂಕಿ ತೋರಿಸಿದರೆ 21 ಎಂದು ಯಾರೂ ಹೇಳುವುದಿಲ್ಲ. 9 ಬರುತ್ತದೆ.

ಲೆಕ್ಕ ಹುಡುಕಲು ದೂರ ಹೋಗಬೇಡಿ. ಬಿಸಿಯೂಟದಲ್ಲಿ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಎಂಬ ಲೆಕ್ಕ ಇದೆ. ಇವತ್ತು 48 ಮಕ್ಕಳು ಬಂದಿದ್ದರೆ ಅಕ್ಕಿ 4 ಕಿಲೋ 800 ಗ್ರಾಂ, ಬೇಳೆ 960 ಗ್ರಾಂ. ಮಕ್ಕಳೇ ಲೆಕ್ಕ ಮಾಡಿ ಅಡುಗೆ ಮಾಡುವ ಅಮ್ಮನ ಹತ್ತಿರ ಹೋಗಿ ತಾಳೆ ನೋಡಲಿ.

ತಂದೆ ತಾಯಿ ಜೊತೆ ಬೆಂಗಳೂರು, ಪುಣೆ, ಮುಂಬೈಗೆ ಹೋಗಿ ತಿಂಗಳುಗಟ್ಟಲೆ ಆದ ಮೇಲೆ ಬರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಅವರು ಹಿಂದೆ ಬಿದ್ದವರು ಎಂದು ಮೊದಲೇ ಗೆರೆ ಎಳೆಯಬೇಡಿ. ಬಹುಪಾಲು ಮಕ್ಕಳಿಗೆ ದುಡ್ಡಿನ ಲೆಕ್ಕ ಚೆನ್ನಾಗಿ ಬರುತ್ತದೆ, ಬರೆಯಲು ಮಾತ್ರ ಬರುವುದಿಲ್ಲ. ನೋಟಿನಿಂದ ಶುರು ಮಾಡಿ: ನೂರರ ನೋಟು, ಹತ್ತರ ನೋಟು, ಒಂದರ ನಾಣ್ಯ. ಸ್ಥಾನಬೆಲೆ ಅಲ್ಲೇ ಇದೆ.

ಏಳನೇ ಹೆಜ್ಜೆ: ‘ನನಗ ಗೊತ್ತಿಲ್ಲ, ನೋಡೋಣ’

ಒಂದು ದಿನ ಐದನೇ ತರಗತಿಯ ಹುಡುಗ ಕೇಳಿದ, ‘8ನ್ನು ಸೊನ್ನೆಯಿಂದ ಭಾಗಿಸಿದ್ರ ಎಷ್ಟ್ರಿ?’ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ‘ನನಗ ಗೊತ್ತಿಲ್ಲಪಾ, ನಿನಗ ಏನ್ ಅನ್ನಿಸ್ತದ?’ ಎಂದೆ. ಈ ಮಾತು ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಮೊದಲು ಅಂದುಕೊಂಡಿದ್ದೆ. ಹೋಗಲಿಲ್ಲ. ಇಡೀ ತರಗತಿ ಎದ್ದು ಕೂತಿತು.

‘ಎಂಟೇ ಉಳೀತದ್ರಿ’ ಎಂದ. ಹ್ಯಾಂಗ ಬಂತು? ‘ಯಾರಿಗೂ ಹಂಚಲಿಲ್ಲಲ್ರಿ, ಎಂಟು ಹಂಗೇ ಅದಾವ.’

ಮನೆಗೆ ಬಂದು ಓದಿದಾಗ ಮೈ ಜುಮ್ ಎಂದಿತು. ನಮ್ಮ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಪೂರ್ತಿ ಗಣಿತಕ್ಕೇ ಮೀಸಲಾದ ಪುಸ್ತಕ. ಸಂಗೀತ, ವೈದ್ಯ, ಅಡುಗೆ, ಮನೆ ಕಟ್ಟುವುದು, ಎಲ್ಲದಕ್ಕೂ ಗಣಿತ ಬೇಕು ಎಂದು ಅದರ ಆರಂಭದಲ್ಲೇ ಹೇಳಿದ್ದಾನೆ. ಅದೇ ಪುಸ್ತಕದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂದೂ ಬರೆದಿದ್ದಾನೆ. ನಮ್ಮ ಹುಡುಗ ಹೇಳಿದ್ದೂ ಅದನ್ನೇ.

ಮರುದಿನ ಇದನ್ನು ಹೇಳಿದಾಗ ಹುಡುಗ ಉಬ್ಬಿಹೋದ. ‘ಹಂಗಾದ್ರ ತಾಳೆ ನೋಡೋಣ’ ಎಂದೆ. 8 ÷ 2 = 4, ತಾಳೆ ನೋಡಲು 4 × 2 = 8. ಸರಿ. 8 ÷ 0 = 8 ಆದರೆ 8 × 0 = 8 ಆಗಬೇಕು. ಆದರೆ 8 × 0 ಸೊನ್ನೆ. ಬೇರೆ ಯಾವ ಅಂಕಿ ಹಾಕಿದರೂ ಸೊನ್ನೆಯೇ. ಅರ್ಧ ಗಂಟೆ ಒಂದೊಂದೇ ಅಂಕಿ ಹಾಕಿ ನೋಡಿದರು. ‘ಇದಕ್ಕ ಉತ್ತರಾನೇ ಇಲ್ಲ’ ಎಂದು ಅವರೇ ಬರೆದರು. ಆಚಾರ್ಯನಿಗೂ ಹೀಗೆ ಅನ್ನಿಸಿತ್ತು ಎಂದು ಗೊತ್ತಿದ್ದರಿಂದ ಆ ಹುಡುಗನಿಗೆ ಬೇಜಾರಾಗಲಿಲ್ಲ.

ಗಂಟೆ ಹೊಡೆಯುವಾಗ ಹಿಂದಿನ ಸಾಲಿನಿಂದ ಒಬ್ಬಳು, ‘ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ್ರ?’ ಎಂದಳು. ಮನೆಯಲ್ಲಿ ತಾಳೆ ನೋಡಿಕೊಂಡು ಬನ್ನಿ ಎಂದು ಕಳಿಸಿದೆ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರವೇ ಓಡಿ ಬಂದಳು. ‘ಟೀಚರ್ರೀ, ಇದಕ್ಕ ಯಾವ ಅಂಕಿ ಹಾಕಿದ್ರೂ ತಾಳೆ ಆಗ್ತದ!’

‘ಹ್ಯಾಂಗ ಬಂತವ್ವಾ?’ ಎಂದೆ. ಬ್ಯಾಗು ನೆಲಕ್ಕಿಟ್ಟು ಅಲ್ಲೇ ನೋಟ್‌ಬುಕ್ ತೆಗೆದಳು.